ಸೆರಗಿನಲ್ಲಿ ಅಡ್ಡ ಮಲಗಿದ ದಮಯಂತಿ

ಕಾಸರಗೋಡಿನ ನನ್ನ ಅಂಗಡಿಗೆ ಮದುವೆ ಜವಳಿಗೆ ಬರುವವರು ಈಗೀಗ ಮೊಬೈಲಿನಲ್ಲಿ ರವಿವರ್ಮನ ಚಿತ್ರ ತೋರಿಸಿ, "ಅಕ್ಕಾ, ಇದನ್ನು ಸೆರಗಿಗೆ ಹಾಕಿಸಿ ಕೊಡ್ತೀರಾ?" ಎಂದು ಕೇಳುತ್ತಾರೆ. ಖಂಡಿತ ಹಾಕಿಸಬಹುದು. ಆದರೆ ಮೊದಲ ಸಲ ನಾನು ಎಡವಿದ್ದೆ.

ಚಿತ್ರ 'ಹಂಸ ದಮಯಂತಿ'. ಸೀರೆಯನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಕೆಳ ಅಂಚಿನ ಮೇಲೆ ದಮಯಂತಿ ನೆಟ್ಟಗೆ ನಿಂತಂತೆ ಪ್ರಿಂಟ್ ಮಾಡಿಸಿದೆ. ಹುಡುಗಿ ಉಟ್ಟು ಬೆನ್ನು ತಿರುಗಿಸಿದಳು. ದಮಯಂತಿ ಅಡ್ಡ ಮಲಗಿಬಿಟ್ಟಿದ್ದಳು! ಸೆರಗು ಹೆಗಲಿನಿಂದ ಇಳಿಬಿದ್ದಾಗ ಸೀರೆಯ ಉದ್ದವೇ ಚಿತ್ರದ ಎತ್ತರ. ತಲೆ ಹೆಗಲ ಕಡೆಗೆ, ಪಾದ ಸೆರಗಿನ ತುದಿಗೆ ಬರಬೇಕು. ಹಣ ಹಿಂದಿರುಗಿಸಿದೆ. ಅಂದಿನಿಂದ, ಚಿತ್ರವನ್ನು ಕಾಗದದ ಮೇಲೆ ಪೂರ್ಣ ಅಳತೆಗೆ ತೆಗೆಸಿ, ಹಳೆ ಸೀರೆಗೆ ಪಿನ್ ಮಾಡಿ, ಉಡಿಸಿ ನೋಡಿಯೇ ಮುಂದುವರಿಯುತ್ತೇನೆ. ಸೆರಗಿಗೆ ನಿರಿಗೆ ಹಿಡಿದು ಪಿನ್ ಹಾಕುವವರಿಗೆ ಮುಖದ ಚಿತ್ರ ಬೇಡವೆಂದೇ ಹೇಳುತ್ತೇನೆ. ಮೂಗು ಒಂದು ಮಡಿಕೆಯಲ್ಲಿ, ಕಣ್ಣು ಇನ್ನೊಂದರಲ್ಲಿ ಸಿಕ್ಕಿಕೊಳ್ಳುತ್ತದೆ.

ಇದನ್ನು ಚೆನ್ನಾಗಿ ಅರಿತಿದ್ದವನು ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಈವ್ ಸಾಂ ಲೊರಾಂ. 1965ರಲ್ಲಿ ಅವನು ಡಚ್ ಚಿತ್ರಕಾರ ಮೊಂಡ್ರಿಯಾನನ ಕಪ್ಪು ಗೆರೆಗಳ ನಡುವಿನ ಬಣ್ಣದ ಚೌಕಗಳನ್ನು ಉಡುಪಿಗೆ ತಂದಾಗ ಪ್ರಿಂಟ್ ಮಾಡಿಸಲಿಲ್ಲ. ಬಣ್ಣಬಣ್ಣದ ಉಣ್ಣೆಯ ಜೆರ್ಸಿ ಬಟ್ಟೆಯನ್ನು ತುಂಡುತುಂಡಾಗಿ ಕತ್ತರಿಸಿ ಜೋಡಿಸಿದ. ಮೈಯ ಉಬ್ಬುತಗ್ಗಿಗೆ ಬೇಕಾದ ಹೊಲಿಗೆಯನ್ನು ಆ ಜೋಡಣೆಯೊಳಗೇ ಅಡಗಿಸಿದ. ಅದಕ್ಕೇ ಉಟ್ಟ ಮೇಲೂ ಗೆರೆ ನೆಟ್ಟಗೇ ನಿಂತಿತು. ನನಗೆ ಅವನು ಗುರು.

ಹಕ್ಕಿನ ವಿಷಯವನ್ನೂ ಗಿರಾಕಿಗಳಿಗೆ ಹೇಳಲೇಬೇಕು. ನಮ್ಮ ಕಾನೂನಿನಲ್ಲಿ ಕಲಾವಿದ ತೀರಿಕೊಂಡು 60 ವರ್ಷ ಕಳೆಯುವವರೆಗೆ ಕೃತಿಸ್ವಾಮ್ಯ ಇರುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅಡ್ಡಿಯಿಲ್ಲ. ನಮ್ಮ ಕೆ. ಕೆ. ಹೆಬ್ಬಾರರು 1996ರಲ್ಲಿ, ಅವರ ಚಿತ್ರಕ್ಕೆ 2056 ಮುಗಿಯುವವರೆಗೂ ಹಕ್ಕುದಾರರ ಅನುಮತಿ ಬೇಕು.

ಇನ್ನು ಕಾಸರಗೋಡು ಸೀರೆ. ಅದರ ಮೇಲೆ ಪ್ರಿಂಟ್ ಮಾಡಿಸಲು ನನಗೆ ಮನಸ್ಸೇ ಬರುವುದಿಲ್ಲ. ಬಣ್ಣ ಹಾಕಿದ ನೂಲಿನಲ್ಲೇ ಗೆರೆ, ಚೌಕಳಿ ಮೂಡಿಸುವ ಕೈಮಗ್ಗದ ಹತ್ತಿ ಅದು. ಮೊಂಡ್ರಿಯಾನನನ್ನು ಅಲ್ಲಿಗೆ ಹಾಗೆಯೇ ಇಳಿಸಲೂ ಆಗದು. ಬಿಳಿ ಹಾಸಿನ (ಉದ್ದ ನೂಲಿನ) ಮೇಲೆ ಕರಿ ಹೊಕ್ಕು (ಅಡ್ಡ ನೂಲು) ಹಾದರೆ ಬೂದು ಬಣ್ಣ ಕಾಣುತ್ತದೆ. ಕರಿ ಹಾಸೂ ಕರಿ ಹೊಕ್ಕೂ ಕೂಡುವ ಪುಟ್ಟ ಚೌಕದಲ್ಲಷ್ಟೇ ಅಚ್ಚ ಕಪ್ಪು. ಕೆಂಪಿನ ಮೇಲೆ ಹಳದಿ ಹಾದಲ್ಲಿ ಕಿತ್ತಳೆಯ ಛಾಯೆ. ಕ್ಯಾನ್ವಾಸಿನಲ್ಲಿಲ್ಲದ ಈ ನಡುಬಣ್ಣಗಳನ್ನು ಮಗ್ಗ ತಾನೇ ಕೊಡುತ್ತದೆ. ಅಂಥದೊಂದು ಸೀರೆಗೆ ಈಗ ನೂಲನ್ನು ಬಣ್ಣಕ್ಕೆ ಕೊಟ್ಟಿದ್ದೇನೆ. ಸೆರಗಿನ ಗೆರೆಗಳ ಅಳತೆಯನ್ನು ಮಾತ್ರ, ಹುಡುಗಿಗೆ ಹಳೆ ಸೀರೆ ಉಡಿಸಿ, ಅವಳ ಬೆನ್ನ ಹಿಂದೆ ನಿಂತೇ ಗುರುತು ಹಾಕಿಕೊಂಡೆ.