ಬಟನ್ ಎಲ್ಲಿದೆ ಅಂತ ಪರದೆಗೆ ಗೊತ್ತಿಲ್ಲ

ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಗ್ರಾಫಿಕ್ಸ್ ಲ್ಯಾಬ್ ನೆನಪಿರಲೇಬೇಕು. ಸಿಯರ್‌ಪಿನ್‌ಸ್ಕಿ ತ್ರಿಕೋನ, ತಿರುಗುವ ಬಣ್ಣದ ಕ್ಯೂಬ್, ಮೇಜಿನ ಮೇಲಿನ ಟೀಪಾಟ್, ಚೌಕಟ್ಟಿನ ಹೊರಗಿನ ಗೆರೆ ಕತ್ತರಿಸುವ ಕೊಹೆನ್-ಸದರ್ಲ್ಯಾಂಡ್ ಕ್ಲಿಪಿಂಗ್, ಕೊನೆಗೊಂದು ಮಿನಿ ಪ್ರಾಜೆಕ್ಟ್. ಚಿತ್ರ ಬಿಡಿಸುವ ತನಕ ಎಲ್ಲ ಸಲೀಸು. ಮೌಸ್ ಸೇರಿಸಿದ ಕೂಡಲೇ ತಕರಾರು ಶುರು. "ಸರ್, ಮ್ಯಾಲಿನ ಬಟನ್ ಒತ್ತಿದ್ರ ಕೆಳಗಿಂದು ಓಪನ್ ಆಗಾಕತ್ತೈತ್ರೀ" ಅನ್ನುವ ಹುಡುಗ ಬೆಳಗಾವಿಯ ಯಾವ ಲ್ಯಾಬ್‌ಗೆ ಹೋದರೂ ಸಿಗುತ್ತಾನೆ.

ಅವನ ಪ್ರೋಗ್ರಾಂನಲ್ಲಿ ಅಂಥ ದೊಡ್ಡ ದೋಷವೇನೂ ಇರುವುದಿಲ್ಲ. ಚಿತ್ರ ಬಿಡಿಸಿಕೊಡುವ ಓಪನ್‌ಜಿಎಲ್ ಲೆಕ್ಕ ಶುರು ಮಾಡುವುದು ಕಿಟಕಿಯ (ವಿಂಡೋ) ಎಡಗಡೆಯ ಕೆಳಮೂಲೆಯಿಂದ. ಮೌಸ್ ಎಲ್ಲಿದೆ ಅಂತ ಹೇಳುವ ಗ್ಲಟ್ ಲೈಬ್ರರಿ ಎಣಿಸುವುದು ಮೇಲಿನ ಮೂಲೆಯಿಂದ. ಹಾಗಾಗಿ ಕಿಟಕಿಯ ಎತ್ತರದಿಂದ ಮೌಸ್‌ನ ವೈ, ಅಂದರೆ ಮೇಲಿಂದ ಎಷ್ಟು ಕೆಳಗಿದೆ ಅನ್ನುವ ಅಂಕಿ, ಕಳೆಯಬೇಕು. ಆ ಒಂದು ಸಾಲನ್ನು ಎಲ್ಲರೂ ರೆಕಾರ್ಡ್ ಬುಕ್ಕಿಗೆ ಇಳಿಸಿಕೊಂಡು ಮುಂದೆ ಹೋಗುತ್ತಾರೆ. ಆದರೆ ವೈವಾದಲ್ಲಿ ಕೇಳಬೇಕಾದ ಪ್ರಶ್ನೆ ಇದೇ: ಬಿಡಿಸಿದ್ದು ಅದೇ ಪ್ರೋಗ್ರಾಂ, ಕ್ಲಿಕ್ ಬಂದದ್ದೂ ಅದಕ್ಕೇ, ಮತ್ತೆ ಇಬ್ಬರ ಲೆಕ್ಕ ಬೇರೆ ಯಾಕೆ?

ಯಾಕೆಂದರೆ ಪರದೆ ಮೇಲೆ ಬಟನ್ ಅಂತ ಏನೂ ಇಲ್ಲ. ಇರುವುದು ಬಣ್ಣದ ಚುಕ್ಕೆಗಳು. ಅವು ಬಟನ್ ಥರ ಕಾಣುವುದು ನಮ್ಮ ಕಣ್ಣಿಗೆ ಮಾತ್ರ. ಕ್ಲಿಕ್ ಅಂದರೂ ಅಷ್ಟೇ, ಎಡದಿಂದ ಇಷ್ಟು, ಮೇಲಿಂದ ಇಷ್ಟು ಅನ್ನುವ ಎರಡು ಅಂಕಿ. ಇವೆರಡಕ್ಕೂ ಗಂಟು ಹಾಕುವ ಕೆಲಸ ಯಾರೋ ಮಾಡಲೇಬೇಕು. ಅಂಗಡಿಯವ ಒಂದೇ ವ್ಯಾಪಾರವನ್ನು ಎರಡು ವಹಿಯಲ್ಲಿ ಬರೆದ ಹಾಗೆ, ಏನು ಬಿಡಿಸಿದೆ ಅನ್ನುವುದು ಒಂದು ವಹಿ, ಎಲ್ಲಿ ಒತ್ತಿದರೆ ಯಾರಿಗೆ ಅನ್ನುವುದು ಇನ್ನೊಂದು. ಎರಡನೇ ವಹಿ ಯಾರ ಕೈಯಲ್ಲಿರಬೇಕು ಅನ್ನುವುದರ ಮೇಲೆ 60 ವರ್ಷಗಳಿಂದ ಜಗ್ಗಾಟ ನಡೆದಿದೆ.

ತಮಾಷೆ ಅಂದರೆ, ಶುರುವಿನಲ್ಲಿ ಈ ಸಮಸ್ಯೆ ಇರಲೇ ಇಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ಟಿಎಕ್ಸ್-2 ಕಂಪ್ಯೂಟರ್ ಮೇಲೆ ಸ್ಕೆಚ್‌ಪ್ಯಾಡ್ ಮಾಡಿದರು. ಲ್ಯಾಬ್‌ನಲ್ಲಿ ನೀವು ಬರೆದ ಕ್ಲಿಪಿಂಗ್ ಪ್ರೋಗ್ರಾಂನ ಸದರ್ಲ್ಯಾಂಡ್ ಇವರೇ. ಆಗ ಮೌಸ್ ಇಲ್ಲ, ಲೈಟ್ ಪೆನ್ ಇತ್ತು. ಹೆಸರು ಕೇಳಿದರೆ ಅದರಿಂದ ಬೆಳಕು ಬರುತ್ತದೆ ಅನಿಸುತ್ತದೆ, ಆದರೆ ಅದು ಬೆಳಕನ್ನು ಗಮನಿಸುವ ಪೆನ್. ಕಂಪ್ಯೂಟರ್ ಒಂದೊಂದೇ ಚುಕ್ಕೆಯನ್ನು ಪರದೆ ಮೇಲೆ ಹೊಳೆಯಿಸುತ್ತ ಹೋಗುತ್ತದೆ. ಪೆನ್ನಿನ ತುದಿಯ ಕೆಳಗಿನ ಚುಕ್ಕೆ ಹೊಳೆದ ಗಳಿಗೆಯಲ್ಲೇ ಪೆನ್ ಸುದ್ದಿ ಮುಟ್ಟಿಸುತ್ತದೆ. ಆ ಗಳಿಗೆಯಲ್ಲಿ ಯಾವ ಗೆರೆಯ ಚುಕ್ಕೆ ಬಿಡಿಸುತ್ತಿದ್ದೆ ಅಂತ ಕಂಪ್ಯೂಟರಿಗೆ ಗೊತ್ತೇ ಇರುತ್ತದೆ. ಬಿಡಿಸುವುದೂ ಹುಡುಕುವುದೂ ಒಂದೇ ಕೆಲಸ, ಒಂದೇ ವಹಿ. ಇಷ್ಟು ಚೊಕ್ಕ ಉಪಾಯ ಆಮೇಲೆ ಮತ್ತೆ ಸಿಗಲಿಲ್ಲ ಅಂತಲೇ ನನ್ನ ಅನಿಸಿಕೆ.

ಅದನ್ನು ಕೆಡಿಸಿದ್ದು ಮೌಸ್. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅದನ್ನು ಜನರ ಮುಂದಿಟ್ಟರು. ಕೈ ಎತ್ತಿ ಪರದೆಗೆ ಪೆನ್ ಹಿಡಿಯುವ ಕಷ್ಟ ತಪ್ಪಿತು, ನಿಜ. ಆದರೆ ಮೌಸ್ ಮೇಜಿನ ಮೇಲೆ ಓಡಾಡುವ ಸಾಧನ. ಪರದೆ ಮೇಲೆ ಏನಿದೆ ಅಂತ ಅದಕ್ಕೆ ಕಾಣಿಸುವುದಿಲ್ಲ.

1973ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದ ಆಲ್ಟೊ ಕಂಪ್ಯೂಟರ್ ಬಂತು. 606 ಅಡ್ಡ, 808 ಉದ್ದ ಚುಕ್ಕೆಗಳ ಪರದೆ. ಅಷ್ಟೂ ಚುಕ್ಕೆಗಳನ್ನು ನೆನಪಿನಲ್ಲಿಡಲು ಸುಮಾರು 61 ಸಾವಿರ ಬೈಟ್ ಬೇಕು. ಯಂತ್ರದ ಒಟ್ಟು ಮೆಮೊರಿಯೇ 128 ಕಿಲೋಬೈಟ್! ಅರ್ಧ ಮನೆಯನ್ನು ಚಿತ್ರವೇ ನುಂಗಿತು. ಅಷ್ಟು ಖರ್ಚು ಮಾಡಿಯೂ ಉಳಿದದ್ದು ಬರೀ ಚುಕ್ಕೆ. ಯಾವ ಚುಕ್ಕೆ ಯಾವ ಕಿಟಕಿಗೆ ಸೇರಿದ್ದು ಅಂತ ಪ್ರೋಗ್ರಾಂ ಬೇರೆಯೇ ಪಟ್ಟಿ ಇಡಬೇಕಾಯಿತು. ಬಿಡಿಸುವಾಗ ಹಿಂದಿನಿಂದ ಮುಂದಕ್ಕೆ, ಮೊದಲು ಕೆಳಗಿನ ಕಿಟಕಿ, ಮೇಲೆ ಉಳಿದವು. ಕ್ಲಿಕ್ ಬಂದಾಗ ಅದೇ ಪಟ್ಟಿಯನ್ನು ಉಲ್ಟಾ ಓದಬೇಕು. ಮೇಲಿನವನನ್ನು ಮೊದಲು ಕೇಳು, ಅವನದಲ್ಲ ಅಂದರೆ ಕೆಳಗಿನವನಿಗೆ ಹೋಗು.

ಮುಂದಿನ ಹೆಜ್ಜೆ 1984ರ ಜನವರಿಯಲ್ಲಿ ಬಂದ ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರ್. ಇದರಲ್ಲೂ 128 ಕಿಲೋಬೈಟ್, ಮಾರುವುದು ಮಾತ್ರ ಸಾಮಾನ್ಯ ಜನರಿಗೆ. ಒಂದು ಕಿಟಕಿಯ ಹಿಂದೆ ಮುಚ್ಚಿಹೋದ ಭಾಗವನ್ನು ಎತ್ತಿಡಲು ಜಾಗ ಇಲ್ಲ. ಹಾಗಾಗಿ ವ್ಯವಸ್ಥೆ ಕೈಚೆಲ್ಲಿತು: ಮುಂದಿನ ಕಿಟಕಿ ಸರಿದಾಗ "ಈ ತುಂಡು ಹಾಳಾಗಿದೆ, ಮತ್ತೆ ಬಿಡಿಸು" ಅಂತ ಪ್ರೋಗ್ರಾಂಗೆ ಹೇಳುತ್ತದೆ. ಯಾವ ತುಂಡು ಅಂತ ಲೆಕ್ಕ ಹಾಕುವ ಜಾಣತನವಿದ್ದದ್ದು ಬಿಲ್ ಅಟ್ಕಿನ್ಸನ್ ಬರೆದ, ಚಿತ್ರ ಬಿಡಿಸುವ ಕ್ವಿಕ್‌ಡ್ರಾದಲ್ಲಿ. ಕ್ಲಿಕ್ ಕಥೆಯೂ ಹೀಗೇ ಪಾಲು. ಮೆನುವಿನ ಮೇಲೆ ಬಿತ್ತಾ, ಕಿಟಕಿಯ ಶೀರ್ಷಿಕೆ ಪಟ್ಟಿಯ ಮೇಲಾ, ಮುಚ್ಚುವ ಚೌಕದ ಮೇಲಾ, ಒಳಗಡೆಯಾ, ಇಷ್ಟನ್ನು ವ್ಯವಸ್ಥೆ ಹೇಳುತ್ತದೆ. ಒಳಗಡೆ ಅಂದರೆ ಮುಂದಿನದು ಪ್ರೋಗ್ರಾಂನ ತಲೆನೋವು.

ಆ ಕಾಲದ ಒಂದು ನಿಯಮ ಇನ್ನೂ ಬದುಕಿದೆ. ಬಟನ್ ಕೆಲಸ ಮಾಡುವುದು ಒತ್ತಿದಾಗ ಅಲ್ಲ, ಬಿಟ್ಟಾಗ. ಈಗಲೇ ಫೋನಿನಲ್ಲಿ ನೋಡಿ. ಯಾವುದಾದರೂ ಬಟನ್ ಮೇಲೆ ಬೆರಳು ಒತ್ತಿ ಹಿಡಿದು, ಹಾಗೇ ಜಾರಿಸಿ ಹೊರಗೆ ತಂದು ಎತ್ತಿ. ಏನೂ ಆಗುವುದಿಲ್ಲ. ಮನಸ್ಸು ಬದಲಾಯಿಸಲು ಸಿಗುವ ಅರೆಕ್ಷಣ ಅದು. ಇದನ್ನು ನಡೆಸಲು ಪ್ರೋಗ್ರಾಂ ಮೂರು ಸಂಗತಿ ನೆನಪಿಡಬೇಕು: ಒತ್ತಿದ್ದು ಯಾರ ಮೇಲೆ, ಈಗ ಬೆರಳು ಎಲ್ಲಿದೆ, ಬಿಟ್ಟದ್ದು ಅದರ ಮೇಲೇನಾ.

1985ರ ನವೆಂಬರ್‌ನಲ್ಲಿ ಬಂದ ವಿಂಡೋಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಬಟನ್ ಕೂಡ ಒಂದು ಪುಟ್ಟ ಕಿಟಕಿಯೇ. ಕ್ಲಿಕ್ ಯಾರದು ಅಂತ ವ್ಯವಸ್ಥೆಯೇ ಹುಡುಕಿ, ಆ ಕಿಟಕಿಯ ಹೆಸರಿಗೆ ಸಂದೇಶ ಹಾಕುತ್ತದೆ. ಮತ್ತೆ ಬಿಡಿಸು ಅನ್ನುವ ಸಂದೇಶಕ್ಕೆ ಮಾತ್ರ ಸರದಿಯ ಕೊನೇ ಜಾಗ. ಬೇರೆ ಯಾವ ಸಂದೇಶವೂ ಬಾಕಿ ಇಲ್ಲದಾಗಲೇ ಅದರ ಪಾಳಿ. ಮತ್ತೆ ಬಿಡಿಸುವ ಕೆಲಸವನ್ನು ಪ್ರೋಗ್ರಾಂಗೇ ಬಿಟ್ಟದ್ದರ ಫಲ ಏನು ಅಂತ ವಿಂಡೋಸ್ 98, ಎಕ್ಸ್‌ಪಿ ಕಾಲದಲ್ಲಿ ಟಿಳಕವಾಡಿಯ ಸೈಬರ್ ಕೆಫೆಯಲ್ಲಿ ಕೂತವರಿಗೆ ಗೊತ್ತು. ಯಾವುದೋ ಪ್ರೋಗ್ರಾಂ ಹ್ಯಾಂಗ್ ಆಗಿರುತ್ತದೆ. ಅದರ ಮೇಲೆ ಇನ್ನೊಂದು ಕಿಟಕಿ ಎಳೆದಾಡಿದರೆ ಒಂದರ ಹಿಂದೊಂದು ನೂರಾರು ನಕಲು ಅಂಟಿಕೊಳ್ಳುತ್ತವೆ. ಸುಮ್ನೆ ಹಾಗೆ ಆಟ ಆಡುತ್ತ ಗಂಟೆಯ ದುಡ್ಡು ಕಳೆದವರೂ ಇದ್ದಾರೆ. ಅದು ವೈರಸ್ ಅಲ್ಲ. ಕೆಳಗಿನ ಚಿತ್ರವನ್ನು ಮತ್ತೆ ಬಿಡಿಸಬೇಕಾದವನಿಗೆ ಎಚ್ಚರ ಇಲ್ಲ, ಬೇರೆ ಯಾರ ಹತ್ತಿರವೂ ಅದರ ಪ್ರತಿ ಇಲ್ಲ, ಅಷ್ಟೇ.

ಮೆಮೊರಿ ಅಗ್ಗವಾದ ಮೇಲೆ ಈ ಜಿಪುಣತನ ಬೇಕಾಗಲಿಲ್ಲ. 2001ರ ಮ್ಯಾಕ್ ಒಎಸ್ ಎಕ್ಸ್, 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ, ಎರಡೂ ಪ್ರತಿ ಕಿಟಕಿಯ ಪೂರ್ತಿ ಚಿತ್ರವನ್ನು ಬೇರೆ ಬೇರೆ ಇಟ್ಟುಕೊಂಡು ಕೊನೆಗೆ ಜೋಡಿಸುತ್ತವೆ. ಕಿಟಕಿಯ ಹಿಂದೆ ನಕಲುಗಳ ಬಾಲ ಬೆಳೆಸುವ ಆ ಆಟ ಅಲ್ಲಿಗೆ ಮುಗಿಯಿತು.

ವೆಬ್ ಬಂದಾಗ ಜಗಳ ಬೇರೆ ರೂಪ ತಾಳಿತು. ಪುಟದಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಸಾಲು, ಅದರೊಳಗೆ ಬಟನ್. ಬಟನ್ ಒತ್ತಿದರೆ ಮೂವರನ್ನೂ ಒತ್ತಿದ ಹಾಗಾಯಿತಲ್ವಾ? ಮೊದಲು ಯಾರಿಗೆ ಹೇಳಬೇಕು? ಹೊರಗಿನವನಿಂದ ಒಳಕ್ಕೆ ಅಂತ ಆಗಿನ ಬ್ರೌಸರ್ ನೆಟ್‌ಸ್ಕೇಪ್ ಹೇಳಿತು. ಒಳಗಿನವನಿಂದ ಹೊರಕ್ಕೆ ಅಂತ ಇಂಟರ್ನೆಟ್ ಎಕ್ಸ್‌ಪ್ಲೋರರ್ ಹೇಳಿತು. 2000ದ ನವೆಂಬರ್‌ನಲ್ಲಿ ವೆಬ್‌ಗೆ ನಿಯಮ ಮಾಡುವ ಡಬ್ಲ್ಯೂ3ಸಿ ಸಂಸ್ಥೆ ಹೊರಡಿಸಿದ ನಿಯಮ ಇಬ್ಬರನ್ನೂ ಒಪ್ಪಿಕೊಂಡಿತು. ಮೊದಲು ಒಳಕ್ಕೆ ಇಳಿ, ಆಮೇಲೆ ಮೇಲಕ್ಕೆ ಏರು. ಪಂಚಾಯಿತಿ ತೀರ್ಪು ಇದ್ದ ಹಾಗಿದೆಯಾದರೂ ಕೆಲಸಕ್ಕೆ ಬಂತು. ಎಕ್ಸ್‌ಪ್ಲೋರರ್ ಅದನ್ನು ಪಾಲಿಸಿದ್ದು 2011ರ ಒಂಬತ್ತನೇ ಆವೃತ್ತಿಯಲ್ಲಿ. ಅಲ್ಲಿಯ ತನಕ ವೆಬ್ ಕೆಲಸ ಮಾಡುವವರು ಒಂದೇ ಕ್ಲಿಕ್ಕಿಗೆ ಎರಡೆರಡು ಕೋಡ್ ಬರೆದರು.

ಎರಡು ವಹಿಯ ಕಷ್ಟ ನಿಜಕ್ಕೂ ಗೊತ್ತಾಗಬೇಕಾದರೆ ಬೆಳಗಾವಿ ಜಿಲ್ಲೆಯ ನಕ್ಷೆಯನ್ನೇ ಬಿಡಿಸಿ ನೋಡಿ. ತಾಲ್ಲೂಕಿನ ಮೇಲೆ ಒತ್ತಿದರೆ ಅದರ ಮಾಹಿತಿ ಬರಬೇಕು, ಅಷ್ಟೇ ಗುರಿ. ಗೆರೆ, ಆಕಾರಗಳನ್ನು ವಸ್ತುಗಳಾಗಿಯೇ ಬರೆದಿಡುವ ಎಸ್‌ವಿಜಿಯಲ್ಲಿ ಬಿಡಿಸಿದರೆ ಖಾನಾಪುರ, ಸವದತ್ತಿ, ಅಥಣಿ ಒಂದೊಂದೂ ಬೇರೆ ವಸ್ತು. ಕ್ಲಿಕ್ ಯಾರದು ಅಂತ ಬ್ರೌಸರ್ ತಾನೇ ಹೇಳುತ್ತದೆ. 2004ರಲ್ಲಿ ಆಪಲ್ ತಂದ, ಪುಟದಲ್ಲಿ ಬರೀ ಚುಕ್ಕೆ ಬಳಿಯುವ ಹಲಗೆಯಂಥ ಕ್ಯಾನ್ವಾಸ್‌ನಲ್ಲಿ ಬಿಡಿಸಿದರೆ ಹಾಗಲ್ಲ. ಬಣ್ಣ ಬಳಿದ ಮೇಲೆ ಅದು ಮರೆತುಬಿಡುತ್ತದೆ, ನಿಮ್ಮ ಕೈಗೆ ಬರುವುದು ಎರಡು ಅಂಕಿ ಮಾತ್ರ.

ಮೊದಲು ಎಲ್ಲರಿಗೂ ಹೊಳೆಯುವುದು ಪ್ರತಿ ತಾಲ್ಲೂಕಿನ ಸುತ್ತ ಒಂದು ಚೌಕ ಎಳೆದು, ಕ್ಲಿಕ್ ಅದರೊಳಗೆ ಬಿತ್ತಾ ಅಂತ ನೋಡುವುದು. ತಾಲ್ಲೂಕುಗಳೇನು ಚೌಕವಾಗಿವೆಯಾ? ಹುಕ್ಕೇರಿಯ ಚೌಕವೂ ಗೋಕಾಕದ ಚೌಕವೂ ಒಂದರ ಮೇಲೊಂದು ಬೀಳುತ್ತವೆ, ಗಡಿಯ ಹತ್ತಿರ ಒತ್ತಿದರೆ ಇಬ್ಬರೂ "ನನ್ನದು" ಅನ್ನುತ್ತಾರೆ. ಆಗ ಹಳೆಯ ಉಪಾಯ ಒಂದಿದೆ. ಕ್ಲಿಕ್ ಬಿದ್ದ ಜಾಗದಿಂದ ಬಲಕ್ಕೆ ನೇರ ಗೆರೆ ಎಳೆಯಿರಿ. ತಾಲ್ಲೂಕಿನ ಗಡಿಯನ್ನು ಎಷ್ಟು ಸಲ ದಾಟಿತು ಅಂತ ಎಣಿಸಿ. ಬೆಸ ಸಂಖ್ಯೆ ಬಂದರೆ ಒಳಗೆ, ಸರಿ ಸಂಖ್ಯೆ ಬಂದರೆ ಹೊರಗೆ. ಗಡಿ ಎಷ್ಟೇ ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ.

ಇನ್ನೊಂದು ಉಪಾಯ ನನಗೆ ಜಾಸ್ತಿ ಇಷ್ಟ. ಕಣ್ಣಿಗೆ ಕಾಣದ ಇನ್ನೊಂದು ಕ್ಯಾನ್ವಾಸ್ ಇಟ್ಟು, ಅದೇ ನಕ್ಷೆಯನ್ನು ಬಿಡಿಸುವುದು. ಆದರೆ ಪ್ರತಿ ತಾಲ್ಲೂಕಿಗೂ ಬೇರೆ ಬಣ್ಣ. ಕ್ಲಿಕ್ ಬಂದ ಜಾಗದ ಬಣ್ಣ ಓದಿದರೆ ತಾಲ್ಲೂಕು ಸಿಕ್ಕಿತು. ಲೆಕ್ಕವೇ ಬೇಡ. ಇದರಲ್ಲೊಂದು ಕುತ್ತು ಇದೆ. ಗೆರೆ ನಯವಾಗಿ ಕಾಣಲಿ ಅಂತ ಬ್ರೌಸರ್ ಗಡಿಯಲ್ಲಿ ಎರಡು ಬಣ್ಣ ಬೆರೆಸುತ್ತದೆ. ಬೆರೆತ ಆ ಮೂರನೇ ಬಣ್ಣ ಬೇರೆಲ್ಲೋ ಇರುವ ತಾಲ್ಲೂಕಿನದಾಗಿದ್ದರೆ, ಹುಕ್ಕೇರಿ ಗಡಿಯಲ್ಲಿ ಒತ್ತಿದಾಗ ರಾಮದುರ್ಗ ತೆರೆದುಕೊಳ್ಳುತ್ತದೆ.

ಲ್ಯಾಬ್‌ನ ಹಳೆ ಓಪನ್‌ಜಿಎಲ್‌ನಲ್ಲೂ ಇದರ ಅಣ್ಣ ಒಬ್ಬ ಇದ್ದ. ಸೆಲೆಕ್ಷನ್ ಮೋಡ್ ಅಂತ. ಮೌಸ್ ಸುತ್ತಲಿನ ಚೂರು ಜಾಗವನ್ನಷ್ಟೇ ಇಟ್ಟುಕೊಂಡು, ಇಡೀ ದೃಶ್ಯವನ್ನು ಮತ್ತೊಮ್ಮೆ ಬಿಡಿಸಿದಂತೆ ನಟಿಸಿ, ಆ ಜಾಗದಲ್ಲಿ ಯಾರ್ಯಾರು ಬಿದ್ದರು ಅಂತ ಹೆಸರು ಬರೆದುಕೊಳ್ಳುತ್ತಿತ್ತು. ಲೈಟ್ ಪೆನ್ನಿನ ಬುದ್ಧಿಯೇ, ಬೇರೆ ವೇಷದಲ್ಲಿ. 2008ರ ಓಪನ್‌ಜಿಎಲ್ 3.0 ಅದನ್ನು ಹಳೆಯದರ ಪಟ್ಟಿಗೆ ಸೇರಿಸಿತು.

ಆಟಗಳನ್ನು ಬರೆಯುವವರು ಬೇರೆಯೇ ದಾರಿ ಹಿಡಿದರು. ಆಟದಲ್ಲಿ ಹೇಗೂ ಸೆಕೆಂಡಿಗೆ 60 ಸಲ ಪರದೆ ಹೊಸದಾಗಿ ಬಿಡಿಸುತ್ತೇವೆ. ಹಾಗಿದ್ದ ಮೇಲೆ ಬಟನ್‌ಗೆ ವಹಿ ಯಾಕೆ? ಬಿಡಿಸುವ ಸಾಲಿನಲ್ಲೇ ಒತ್ತಿದರಾ ಅಂತ ಕೇಳಿದರಾಯಿತು. ಆಟಗಳ ಪ್ರೋಗ್ರಾಮರ್ ಕೇಸಿ ಮುರಟೋರಿ 2005ರಲ್ಲಿ ಈ ರೀತಿಯನ್ನು ವೀಡಿಯೊದಲ್ಲಿ ವಿವರಿಸಿದರು, 2014ರಲ್ಲಿ ಒಮರ್ ಕಾರ್ನುಟ್ ಅವರ ಡಿಯರ್ ಇಮ್‌ಗುಯಿ ಲೈಬ್ರರಿ ಬಂದ ಮೇಲೆ ಬಳಕೆ ಹೆಚ್ಚಿತು. ಇಲ್ಲಿ ಬಟನ್ ಅನ್ನುವ ವಸ್ತುವೇ ಇಲ್ಲ. ಮೌಸ್ ಕೆಳಗೆ ಯಾರಿದ್ದಾರೆ, ಒತ್ತಿ ಹಿಡಿದದ್ದು ಯಾರನ್ನು, ಈ ಎರಡು ಗುರುತು ಇದ್ದರೆ ಸಾಕು. ತೊಡಕು ಎಲ್ಲಿ ಅಂದರೆ, ಕೆಳಗಿನ ಕಿಟಕಿ ಬಿಡಿಸುವಾಗ ಅದರ ಮೇಲೆ ಇನ್ನೊಂದು ಬಂದು ಕೂರುತ್ತದೆ ಅಂತ ಪ್ರೋಗ್ರಾಂಗೆ ಇನ್ನೂ ಗೊತ್ತಿರುವುದಿಲ್ಲ. ಅದಕ್ಕೆ ಇಮ್‌ಗುಯಿ ಹಿಂದಿನ ಚಿತ್ರದಲ್ಲಿ ಕಿಟಕಿಗಳು ಎಲ್ಲಿದ್ದವು ಅನ್ನುವುದನ್ನು ನೋಡುತ್ತದೆ. ವಹಿ ಬೇಡ ಅಂದವರೂ ಕೊನೆಗೆ ಒಂದು ಚೀಟಿ ಇಟ್ಟುಕೊಂಡರು.

ಬೆರಳು ಬಂದ ಮೇಲೆ ಎರಡು ಲೆಕ್ಕವನ್ನು ಬೇಕಂತಲೇ ಬೇರೆ ಮಾಡಬೇಕಾಯಿತು. ಮುಚ್ಚುವ ಗುರುತು ಕಾಣಲು ಚಿಕ್ಕದಾಗಿರಬೇಕು, ಒತ್ತಲು ದೊಡ್ಡದಿರಬೇಕು. ಒತ್ತುವ ಜಾಗ ಕನಿಷ್ಠ 44 ಪಾಯಿಂಟ್ ಇರಲಿ ಅಂತ ಆಪಲ್ ಅನ್ನುತ್ತದೆ, 48 ಡಿಪಿ ಅಂತ ಆಂಡ್ರಾಯ್ಡ್; ಎರಡೂ ಪರದೆ ಮೇಲಿನ ಅಳತೆಯ ಮಾನಗಳು. ಕಾಣುವ ಗುರುತಿನ ಸುತ್ತ ಕಾಣದ ಅಂಚು ಇರುತ್ತದೆ, ಅಲ್ಲಿ ಒತ್ತಿದರೂ ಲೆಕ್ಕಕ್ಕೆ ಬರುತ್ತದೆ.

ಕಾಣದ್ದೂ ಕ್ಲಿಕ್ ತೆಗೆದುಕೊಳ್ಳುತ್ತದೆ ಅನ್ನುವ ಈ ಗುಣ ಕಳ್ಳರಿಗೂ ಉಪಯೋಗಕ್ಕೆ ಬಂತು. ಬ್ರೌಸರ್‌ನಲ್ಲಿ ಪೂರ್ತಿ ಪಾರದರ್ಶಕ ಮಾಡಿದ ಪುಟವೂ ಕ್ಲಿಕ್ ತೆಗೆದುಕೊಳ್ಳುತ್ತದೆ. "ಬಹುಮಾನ ಪಡೆಯಿರಿ" ಅನ್ನುವ ಬಟನ್ ಮೇಲೆ ಬೇರೆ ಸೈಟಿನ ಕಾಣದ ಪುಟ ಹಾಸಿದರೆ, ನೀವು ಒತ್ತುವುದು ಬಹುಮಾನ, ಒತ್ತಿ ಹೋಗುವುದು ನಿಮ್ಮದೇ ಖಾತೆಯ ಯಾವುದೋ ಒಪ್ಪಿಗೆ. 2008ರಲ್ಲಿ ಜೆರೆಮಯ ಗ್ರಾಸ್‌ಮನ್ ಮತ್ತು ರಾಬರ್ಟ್ ಹ್ಯಾನ್ಸನ್ ಇದಕ್ಕೆ ಕ್ಲಿಕ್‌ಜ್ಯಾಕಿಂಗ್ ಅಂತ ಹೆಸರಿಟ್ಟರು. ಬೇರೆಯವರ ಪುಟದೊಳಗೆ ನನ್ನ ಪುಟ ತೋರಿಸಬೇಡ ಅಂತ ಸೈಟುಗಳು ಬ್ರೌಸರ್‌ಗೆ ಹೇಳುವ ವ್ಯವಸ್ಥೆ ಬಂದದ್ದು ಆಮೇಲೆ.

ಈಗ ಗಾಳಿ ಮತ್ತೆ ಚುಕ್ಕೆಗಳ ಕಡೆಗೆ ಬೀಸುತ್ತಿದೆ. ಆ್ಯಪ್ ಮಾಡಲು ಬಳಸುವ ಗೂಗಲ್‌ನ ಫ್ಲಟ್ಟರ್, ಫೋನಿನ ವ್ಯವಸ್ಥೆ ಕೊಡುವ ಬಟನ್‌ಗಳನ್ನು ಬಳಸದೆ ಎಲ್ಲವನ್ನೂ ತಾನೇ ಬಿಡಿಸುತ್ತದೆ. ಗೂಗಲ್ ಡಾಕ್ಸ್ ಕೂಡ 2021ರಲ್ಲಿ ಕ್ಯಾನ್ವಾಸ್ ಕಡೆಗೆ ಹೊರಳಿತು. ವೇಗ ಸಿಗುತ್ತದೆ, ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ಆದರೆ ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ನಂಥ ಸಾಧನಕ್ಕೆ ಚುಕ್ಕೆಗಳಲ್ಲಿ ಬಿಡಿಸಿದ "ಖಾನಾಪುರ" ಸಿಗುವುದಿಲ್ಲ. ಅದಕ್ಕಾಗಿ ಫ್ಲಟ್ಟರ್ ಇನ್ನೊಂದು ಪಟ್ಟಿ ಇಡುತ್ತದೆ: ಇಲ್ಲೊಂದು ಬಟನ್ ಇದೆ, ಹೆಸರು ಇದು, ಒತ್ತಬಹುದು. ಅಲ್ಲಿಗೆ ವಹಿಗಳು ಮೂರಾದವು. ಮಿನಿ ಪ್ರಾಜೆಕ್ಟಿಗೆ ಜಿಲ್ಲೆಯ ನಕ್ಷೆ ಮಾಡುವವರು ಎಸ್‌ವಿಜಿ ಹಿಡಿಯುವುದೇ ವಾಸಿ. ತಾಲ್ಲೂಕುಗಳ ಸಂಖ್ಯೆಗೆ ಅದು ಧಾರಾಳ ಸಾಕು. ಊರೂರಿನ ಗಡಿ ಬಿಡಿಸಹೊರಟಾಗ ಮಾತ್ರ ಬ್ರೌಸರ್ ತೆವಳತೊಡಗುತ್ತದೆ, ಆಗ ಕ್ಯಾನ್ವಾಸ್ ನೋಡಿ.