ಉಪಗ್ರಹ ಮೇಲೇರಿತು, ಸಾಫ್ಟ್‌ವೇರ್ ನೆಲದಲ್ಲೇ ಉಳಿಯಿತು

ಪ್ರಶ್ನೆ: ಜಿಪಿಎಸ್ ನಮ್ಮ ಮೊಬೈಲುಗಳಲ್ಲಿ ಎಂದಿನಿಂದಲೋ ಸಲೀಸಾಗಿ ನಡೆಯುತ್ತಿದೆ. ಮತ್ತೆ ಅದೇ ಜಿಪಿಎಸ್‌ಗೆ ಅಮೆರಿಕದ ಸೇನೆ ಹದಿನೈದು ವರ್ಷ ಹಣ ಸುರಿದದ್ದೇಕೆ?

ಹಣ ಹೆಚ್ಚಾಗಿ ಕರಗಿದ್ದು ಆಕಾಶದಲ್ಲಲ್ಲ, ನೆಲದ ಮೇಲಿನ ನಿಯಂತ್ರಣ ವ್ಯವಸ್ಥೆಯಲ್ಲಿ. ಉಪಗ್ರಹದ ಪರಮಾಣು ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ಏರುಪೇರಾಗುತ್ತದೆ. ಹಾಗಾಗಿ ಕೊಲೊರಾಡೊದ ಶ್ರೀವರ್ ನೆಲೆಯಲ್ಲಿ ಕುಳಿತವರು ಪ್ರತಿದಿನ ಉಪಗ್ರಹಗಳಿಗೆ ತಿದ್ದುಪಡಿ ಕಳಿಸುತ್ತಲೇ ಇರಬೇಕು. ಆ ಕೆಲಸದ ಹಳೆಯ ಸಾಫ್ಟ್‌ವೇರಿನ ಜಾಗಕ್ಕೆ ಬರಬೇಕಿದ್ದದ್ದು ಓಸಿಎಕ್ಸ್ ಎಂಬ ಹೊಸ ನಿಯಂತ್ರಣ ವ್ಯವಸ್ಥೆ.

2010ರಲ್ಲಿ ರೇಥಿಯಾನ್ ಕಂಪನಿಗೆ ಸಿಕ್ಕ ಗುತ್ತಿಗೆಯ ಮೊತ್ತ ಸುಮಾರು 88.6 ಕೋಟಿ ಡಾಲರ್. ಇಡೀ ಯೋಜನೆಯ ಅಂದಾಜು ಮುಂದೆ 370 ಕೋಟಿಯಿಂದ ಏರುತ್ತಾ 700 ಕೋಟಿ ಡಾಲರನ್ನೂ ದಾಟಿತು.

ಎಡವಿದ್ದು ಎಲ್ಲಿ? ಪ್ರಾಥಮಿಕ ವಿನ್ಯಾಸದ ಪರಿಶೀಲನೆ ಮುಗಿಯುವ ಮೊದಲೇ ವಾಯುಪಡೆ ಅಭಿವೃದ್ಧಿಗೆ ಕೈಹಾಕಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ. ಸೈಬರ್ ದಾಳಿ ತಡೆಯುವ ಷರತ್ತುಗಳು ಎಷ್ಟು ಜಟಿಲ ಎಂಬುದು ಗುತ್ತಿಗೆ ಕೊಟ್ಟವರಿಗೂ ಪಡೆದವರಿಗೂ ಸರಿಯಾಗಿ ಅರ್ಥವಾಗಿರಲಿಲ್ಲ. ತಪ್ಪುಗಳು ರಾಶಿ ಬೀಳುತ್ತಿದ್ದರೂ 2012ರಲ್ಲಿ ಕೆಲಸಕ್ಕೆ ವೇಗ ಕೊಟ್ಟರು. ಹೊಸ ಉಪಗ್ರಹಗಳ ಉಡಾವಣೆಯ ದಿನಾಂಕಗಳು ಕತ್ತಿನ ಮೇಲೆ ಕುಳಿತಿದ್ದವು. ಮರುವರ್ಷ ಕೆಲಸ ನಿಲ್ಲಿಸಿ ದೋಷ ಹುಡುಕಬೇಕಾಯಿತು. ನನ್ನನ್ನು ಕೇಳಿದರೆ, ಉಳಿದೆಲ್ಲ ತಪ್ಪುಗಳಿಗಿಂತ ದುಬಾರಿಯಾದದ್ದು ಈ ಅವಸರ.

ಸಾಲದ್ದಕ್ಕೆ ಒಂದು ವಿಚಿತ್ರ ಪೆಟ್ಟು. ವ್ಯವಸ್ಥೆಯನ್ನು ಐಬಿಎಂ ಸರ್ವರ್‌ಗಳ ಮೇಲೆ ಕಟ್ಟಲಾಗುತ್ತಿತ್ತು. ಐಬಿಎಂ ಆ ಸರ್ವರ್ ವ್ಯವಹಾರವನ್ನೇ ಚೀನಾದ ಲೆನೊವೊಗೆ ಮಾರಿತು. ಅಮೆರಿಕದ ಸೇನೆ ಚೀನೀ ಕಂಪನಿಯ ಯಂತ್ರಗಳನ್ನು ನಂಬಿ ಕೂರುವುದುಂಟೇ? ಯಂತ್ರಗಳನ್ನೇ ಬದಲಿಸಿ, ಸಾಫ್ಟ್‌ವೇರನ್ನು ಹೊಸದಕ್ಕೆ ಒಗ್ಗಿಸಬೇಕಾಯಿತು.

2016ರಲ್ಲಿ ನನ್-ಮೆಕರ್ಡಿ ಕಾನೂನಿನ ಗಂಟೆ ಬಾರಿಸಿತು. ವೆಚ್ಚ ಮಿತಿಮೀರಿ ಏರಿದರೆ, ‘ಈ ಯೋಜನೆ ದೇಶದ ಭದ್ರತೆಗೆ ಬೇಕೇ ಬೇಕು’ ಎಂದು ರಕ್ಷಣಾ ಇಲಾಖೆ ಸಂಸತ್ತಿಗೆ ಪ್ರಮಾಣೀಕರಿಸಬೇಕು. ಇಲ್ಲವಾದರೆ ಯೋಜನೆಯನ್ನು ಕೈಬಿಡಬೇಕು. ಓಸಿಎಕ್ಸ್ ಉಳಿದುಕೊಂಡಿತು.

ಇದರ ಬಿಸಿ ತಟ್ಟಿದ್ದು ಸೈನಿಕರಿಗೆ. ಶತ್ರುಗಳ ಜ್ಯಾಮಿಂಗನ್ನು, ಅಂದರೆ ಸಂಕೇತ ಕೆಡಿಸುವ ಅಡ್ಡಿಯನ್ನು, ತಾಳಿಕೊಳ್ಳುವ ಎಂ-ಕೋಡ್ ಸಂಕೇತವನ್ನು ಹೊರಡಿಸಬಲ್ಲ ಮೊದಲ ಉಪಗ್ರಹ 2005ರಲ್ಲೇ ಕಕ್ಷೆ ಸೇರಿತ್ತು. ಆದರೆ ಆ ಸಂಕೇತವನ್ನು ಪೂರ್ತಿಯಾಗಿ ನಿಭಾಯಿಸುವ ವ್ಯವಸ್ಥೆ ನೆಲದಲ್ಲಿರಲಿಲ್ಲ. ಕೊನೆಗೆ ಲಾಕ್‌ಹೀಡ್ ಮಾರ್ಟಿನ್ ಹಳೆಯ ಸಾಫ್ಟ್‌ವೇರಿಗೇ ತೇಪೆ ಹಾಕಿಕೊಟ್ಟಿತು. 2020ರಲ್ಲಿ ಸೀಮಿತ ಬಳಕೆ ಸಾಧ್ಯವಾಯಿತು. ನಿಮ್ಮ ಮೊಬೈಲಿನ ನಕ್ಷೆಗೆ ಮಾತ್ರ ಏನೂ ಆಗಲಿಲ್ಲ, ಅದಕ್ಕೆ ಹಳೆಯ ವ್ಯವಸ್ಥೆಯೇ ಸಾಕಿತ್ತು.

ಜಿಪಿಎಸ್‌ನಂಥದೇ ನಮ್ಮ ದೇಶದ ವ್ಯವಸ್ಥೆ ನಾವಿಕ್‌ನ ಕಥೆ ತಿರುಗುಮುರುಗು. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ ನೆಲಕೇಂದ್ರ ಸಿದ್ಧವಿತ್ತು, ಆಕಾಶದಲ್ಲಿ ಆಮದು ಗಡಿಯಾರಗಳು ಕೈಕೊಟ್ಟವು. 2025ರ ಜನವರಿಯಲ್ಲಿ ಎನ್‌ವಿಎಸ್-02 ಉಪಗ್ರಹದ ವಾಲ್ವ್ ತೆರೆಯದೆ ಅದು ಉದ್ದೇಶಿತ ಕಕ್ಷೆಗೇ ಏರಲಿಲ್ಲ.

ಓಸಿಎಕ್ಸ್ ಅನ್ನು ಅಮೆರಿಕದ ಬಾಹ್ಯಾಕಾಶ ಪಡೆ ಸ್ವೀಕರಿಸಿದ್ದು 2025ರ ಜುಲೈಯಲ್ಲಿ. ಅದೂ ಬಳಕೆಗಲ್ಲ, ಸರ್ಕಾರ ತಾನೇ ನಡೆಸಬೇಕಿದ್ದ ಮುಂದಿನ ಸುತ್ತಿನ ಪರೀಕ್ಷೆಗಳಿಗೆ.