ಆಮೆ ಉಳಿಯಿತು, ಹುಲ್ಲು ಹೋಯಿತು

ಲಕ್ಷದ್ವೀಪದ ಅಗತ್ತಿಯಲ್ಲಿ ವಿಮಾನ ಇಳಿಯುವಾಗ ಎಲ್ಲರೂ ಕಿಟಕಿಗೆ ಮೂಗು ಒತ್ತಿ ನೋಡುವುದು ಲಗೂನ್‌ನ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲಿನ, ಆ ತಿಳಿ ನೀಲಿ ನೀರನ್ನು. ನಾನು ಹುಡುಕುವುದು ಅದರ ನಡುವಿನ ಕಪ್ಪು ಕಲೆಗಳನ್ನು. ತಿಳಿ ನೀಲಿ ಅಂದರೆ ಕೆಳಗೆ ಬರೀ ಮರಳು. ಕಪ್ಪಗಿದ್ದರೆ ಅಲ್ಲಿ ಹವಳ ಇದೆ, ಇಲ್ಲವೇ ಹುಲ್ಲು ಇದೆ. ಲಕ್ಷದ್ವೀಪದ ಎಷ್ಟೋ ಲಗೂನ್‌ಗಳು ಈಗ ಫೋಟೊದಲ್ಲಿ ಮೊದಲಿಗಿಂತ ಚೆಂದ ಕಾಣುತ್ತವೆ. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ.

ಕಡಲಹುಲ್ಲು ಅಂದ ಕೂಡಲೇ "ಓ, ಪಾಚಿ ಅಲ್ವಾ?" ಅನ್ನುತ್ತಾರೆ. ಅಲ್ಲ. ಪಾಚಿಗೆ ಬೇರಿಲ್ಲ, ಹೂವಿಲ್ಲ. ಇದಕ್ಕೆ ಎರಡೂ ಇವೆ, ಬೀಜವೂ ಇದೆ. ಕೋಟ್ಯಂತರ ವರ್ಷಗಳ ಹಿಂದೆ ನೆಲದ ಮೇಲಿದ್ದ ಗಿಡಗಳು ವಾಪಸು ಸಮುದ್ರಕ್ಕೆ ಇಳಿದು ಅಲ್ಲೇ ಸಂಸಾರ ಹೂಡಿದ್ದರ ಫಲ ಇದು. ಜಗತ್ತಿನಲ್ಲಿ ಸುಮಾರು 70 ಜಾತಿಗಳಿವೆ. ಪರಾಗ ಗಾಳಿಯಲ್ಲಲ್ಲ, ನೀರಿನಲ್ಲೇ ತೇಲಿ ಹೋಗುತ್ತದೆ. ಬೇರಿರುವ ಕೆಸರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಎಲೆ ಬಿಸಿಲಲ್ಲಿ ತಯಾರಿಸಿದ್ದನ್ನು ಒಳಗಿನ ಸಣ್ಣ ಗಾಳಿ ಕೊಳವೆಗಳ ಮೂಲಕ ಕೆಳಗೆ ಕಳಿಸುತ್ತದೆ. ಇದಕ್ಕೆ ಬೆಳಕು ಜಾಸ್ತಿ ಬೇಕು. ಮಳೆಗಾಲದಲ್ಲಿ ಕೆಂಪು ನೀರು ಬಂದು ಕದಡುವ ನಮ್ಮ ಉಡುಪಿ, ಕಾರವಾರದ ಕಡೆ ದೊಡ್ಡ ಹುಲ್ಲುಗಾವಲು ಕಾಣದಿರುವುದಕ್ಕೆ ಇದೊಂದು ಕಾರಣ. ಭಾರತದಲ್ಲಿ ಅದನ್ನು ನೋಡಬೇಕಾದರೆ ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಗೆ ಹೋಗಬೇಕು. ಇಲ್ಲವೇ ಲಕ್ಷದ್ವೀಪಕ್ಕೆ.

ಲಕ್ಷದ್ವೀಪ ಮಂಗಳೂರಿನವರಿಗೆ ದೂರದ ಊರೇನಲ್ಲ. ಹಳೇ ಬಂದರಿನಿಂದ ಮಂಜಿ ಅನ್ನುವ ಸರಕು ದೋಣಿಗಳು ಅಲ್ಲಿಗೆ ಸಾಮಾನು ಹೊರುತ್ತ ಬಂದಿವೆ. ಕದ್ಮತ್, ಅಮಿನಿ, ಕಿಲ್ತಾನ್ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಗರಿಕೆ ಹೇಗೆ ಬೆಳೆಯುತ್ತದೆ ಅಂತ ಗೊತ್ತಿದ್ದರೆ ಕಡಲಹುಲ್ಲು ಅರ್ಧ ಅರ್ಥವಾದಂತೆ. ಮಣ್ಣೊಳಗೆ ಅಡ್ಡಡ್ಡ ಹಬ್ಬುವ ಕಾಂಡ, ಗಂಟುಗಂಟಿಗೆ ಬೇರು, ಅಲ್ಲಿಂದ ಮೇಲಕ್ಕೆ ಎಲೆ. ಎಲೆ ಬೆಳೆಯುವುದು ಬುಡದಿಂದ, ತುದಿಯಿಂದ ಅಲ್ಲ. ಆದ್ದರಿಂದ ಮೇಯಿಸಿಕೊಂಡರೂ ಚಿಗುರುತ್ತದೆ. ಹಸಿರು ಆಮೆಗೂ ಇದು ಗೊತ್ತು. (ಚಿಪ್ಪು ಹಸಿರಲ್ಲ, ಒಳಗಿನ ಕೊಬ್ಬು ಹಸಿರು. ಹೆಸರು ಬಂದಿದ್ದೇ ಅದರಿಂದ.) ಅದು ಒಂದು ಜಾಗ ಹಿಡಿದು ಮತ್ತೆ ಮತ್ತೆ ಅಲ್ಲೇ ಮೇಯುತ್ತದೆ, ಯಾಕಂದರೆ ಹೊಸ ಚಿಗುರು ಮೆತ್ತಗಿರುತ್ತದೆ, ಸತ್ವವೂ ಜಾಸ್ತಿ. ಆಮೆಗಳು ಹದವಾಗಿದ್ದರೆ ಇದು ಹುಲ್ಲಿಗೂ ಒಳ್ಳೆಯದೇ.

ಹದ ತಪ್ಪಿದರೆ? ಊರ ಗೋಮಾಳ ನೋಡಿ. ಇಪ್ಪತ್ತು ದನ ಮೇಯುವ ಕಡೆ ಇನ್ನೂರು ಬಿಟ್ಟರೆ ಏನಾಗುತ್ತದೋ ಅದೇ ಅಗತ್ತಿಯಲ್ಲಿ ಆಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಲಗೂನ್‌ನಲ್ಲಿ ಹಸಿರು ಆಮೆಗಳು ಗುಂಪುಗುಂಪಾಗಿ ಸೇರಿದವು. ಮೊದಲು ಎಲೆ ಗಿಡ್ಡವಾಯಿತು. ಆಮೇಲೆ ಹೂ ಬಿಡುವುದು ಕಡಿಮೆಯಾಯಿತು. ಅಗಲ ಎಲೆಯ ತಲಾಸಿಯಾ ಅನ್ನುವ ಹುಲ್ಲು ಹಿಂದೆ ಸರಿದು, ಬೇಗ ಬೆಳೆಯುವ ಸಿಮೊಡೋಸಿಯಾ ಅನ್ನುವ ಇನ್ನೊಂದು ಹುಲ್ಲು ಅದರ ಜಾಗಕ್ಕೆ ಬಂತು. ಕೊನೆಗೆ ಅದೂ ಸೋತಿತು. ಅಗತ್ತಿಯಲ್ಲಿ ಮೇವು ಮುಗಿದ ಮೇಲೆ ಆಮೆಗಳು ಸುಮ್ನೆ ಕೂರಲಿಲ್ಲ. ಕದ್ಮತ್‌ಗೆ ಹೋದವು, ಬೇರೆ ದ್ವೀಪಗಳಿಗೂ ಹೋದವು, ಹೋದಲ್ಲೆಲ್ಲ ಅದೇ ಕತೆ. ಇದನ್ನು ವರ್ಷಗಟ್ಟಲೆ ಬೆನ್ನು ಹತ್ತಿ ದಾಖಲಿಸಿದವರು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು. ಒಂದಾದ ಮೇಲೊಂದು ದ್ವೀಪದಲ್ಲಿ ಹುಲ್ಲುಗಾವಲು ತನ್ನ ಕೆಲಸ ಮಾಡಲಾಗದ ಸ್ಥಿತಿಗೆ ಬಂತು ಅಂತ ಅವರು 2021ರಲ್ಲಿ ಬರೆದರು. ಇದು ಲಕ್ಷದ್ವೀಪಕ್ಕೆ ಮಾತ್ರ ಬಂದ ಕಷ್ಟವೂ ಅಲ್ಲ. ಬರ್ಮುಡಾದಲ್ಲಿ ಆಗಿದೆ. ಇಂಡೋನೇಷ್ಯಾದ ಡೆರವಾನ್ ದ್ವೀಪದಲ್ಲಂತೂ ಎಲೆ ಸಾಲದೆ ಆಮೆಗಳು ಮರಳು ಬಗೆದು ಬೇರುಕಾಂಡವನ್ನೇ ತಿಂದವು. ಗರಿಕೆಯ ಬೇರು ಕಿತ್ತ ಮೇಲೆ ಮಳೆ ಬಂದರೂ ಏನು ಪ್ರಯೋಜನ?

ಇಷ್ಟೊಂದು ಆಮೆ ಯಾಕೆ ಬಂದವು ಅನ್ನುವ ಪ್ರಶ್ನೆಗೆ ಉತ್ತರ ಮುಜುಗರದ್ದು. ನಾವು ಅವನ್ನು ಉಳಿಸಿದ್ದೇವೆ, ಅದಕ್ಕೆ. ಹಿಂದೆ ದ್ವೀಪದವರು ಆಮೆಯ ಕೊಬ್ಬನ್ನು ದೋಣಿಗೆ ಬಳಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಗೆ ತಡೆ ಬಿತ್ತು. ಇದು ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಇದೇ ಹೊತ್ತಿನಲ್ಲಿ ಸಮುದ್ರದ ಇನ್ನೊಂದು ತುದಿಯಲ್ಲಿ ಶಾರ್ಕ್‌ಗಳನ್ನು ಹಿಡಿದು ಹಿಡಿದು ಖಾಲಿ ಮಾಡುತ್ತ ಬಂದೆವು. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ನಡೆದ ಅಧ್ಯಯನಗಳಲ್ಲಿ ಒಂದು ಸ್ವಾರಸ್ಯದ ವಿಷಯ ತಿಳಿದಿದೆ. ಹುಲಿ ಶಾರ್ಕ್ ಆಮೆಯನ್ನು ತಿನ್ನಲೇಬೇಕು ಅಂತಿಲ್ಲ, ಆಸುಪಾಸು ಸುಳಿದಾಡಿದರೂ ಸಾಕು, ಆಮೆಗಳು ಒಂದೇ ಕಡೆ ಆರಾಮಾಗಿ ಮೇಯುವುದಿಲ್ಲ. ಬಂಡೀಪುರದಲ್ಲಿ ಹುಲಿ ವಾಸನೆ ಬಂದರೆ ಜಿಂಕೆ ತಲೆ ಎತ್ತುವ ಹಾಗೆ. ಅಂದರೆ ಮೇಯುವವನನ್ನು ಕಾಪಾಡಿ, ಹೆದರಿಸುವವನನ್ನು ಕಳೆದುಕೊಂಡಿದ್ದೇವೆ.

ಮೀನುಗಾರರಿಗೆ ಇದು ನಮಗಿಂತ ಮೊದಲೇ ಕಂಡಿತ್ತು. ಹುಲ್ಲಿನ ನಡುವೆ ಮರಿ ಮೀನುಗಳು ಬಚ್ಚಿಟ್ಟುಕೊಂಡು ಬೆಳೆಯುತ್ತವೆ. ಹುಲ್ಲು ಹೋದರೆ ಲಗೂನ್‌ನಲ್ಲಿ ಸಂಜೆ ಬಲೆ ಹಾಕುವವನ ಸಾರಿನ ಮೀನು ಕಡಿಮೆಯಾಗುತ್ತದೆ, ಜೊತೆಗೆ ಆಮೆ ಸಿಕ್ಕಿ ಬಲೆಯೂ ಹರಿಯುತ್ತದೆ. ನನಗೆ ಸರಿಯಾಗಿ ನೆನಪಿರುವ ಒಂದು ದಿನ ಇದೆ. ಅರ್ಧ ಮೀಟರಿನ ಚೌಕಟ್ಟು ಇಟ್ಟು ಎಲೆ ಎಣಿಸಿ, ತಲೆ ಎತ್ತಿ ಆಮೆ ಎಣಿಸಿ, ಸಂಜೆ ದಡದಲ್ಲಿ ಕೂತು ಆಮೆ ಸಂರಕ್ಷಣೆಯ ಬಗ್ಗೆ ಉತ್ಸಾಹದಿಂದ ಹೇಳುತ್ತಿದ್ದೆ. ಒಬ್ಬ ಹಿರಿಯರು ಪೂರ್ತಿ ಕೇಳಿಸಿಕೊಂಡು, ಮೀನು ಎಷ್ಟು ಎಣಿಸಿದಿರಿ ಅಂತ ಕೇಳಿದರು. ನನ್ನ ಹಾಳೆಯಲ್ಲಿ ಮೀನಿಗೆ ಕಾಲಮ್ಮೇ ಇರಲಿಲ್ಲ.

ಹಾಗಾದರೆ ಆಮೆ ಕೊಲ್ಲಬೇಕಾ? ಬೇಡ. ಸಾಗರದ ತುಂಬ ಅಲೆಯುವ ಪ್ರಾಣಿ ಅದು, ಒಂದು ಲಗೂನ್‌ನ ಲೆಕ್ಕ ನೋಡಿ ಅದರ ಹಣೆಬರಹ ಬರೆಯಲಾಗದು. ಹಾಗಂತ ಆಮೆ ಹೆಚ್ಚಿದ ಲೆಕ್ಕ ಮಾತ್ರ ತೋರಿಸಿ ಬೆನ್ನು ತಟ್ಟಿಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ.

ಹುಲ್ಲು ನೆಡಬಹುದಲ್ಲ ಅಂತ ಮುಂದಿನ ಪ್ರಶ್ನೆ ಬರುತ್ತದೆ. ನೆಡಬಹುದು. ಪಾಕ್ ಕೊಲ್ಲಿಯಲ್ಲಿ ಬಿದಿರಿನ ಚೌಕಟ್ಟಿಗೆ ತೆಂಗಿನ ನಾರಿನ ಹಗ್ಗ ಬಿಗಿದು, ಅದಕ್ಕೆ ಸಸಿ ಕಟ್ಟಿ ಮುಳುಗಿಸುತ್ತಾರೆ. ಚೌಕಟ್ಟು ಕೊಳೆಯುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಅಲ್ಲಿ ಹುಲ್ಲು ನಂಬಿದ ಕಡಲಹಸು (ಡುಗಾಂಗ್) ಎಂಬ ಸಸ್ತನಿಗಳಿಗಾಗಿ 2022ರಲ್ಲಿ 448 ಚದರ ಕಿಲೋಮೀಟರಿನ ಮೀಸಲು ಪ್ರದೇಶವನ್ನೂ ತಮಿಳುನಾಡು ಘೋಷಿಸಿದೆ. ಅಮೆರಿಕದ ವರ್ಜೀನಿಯಾದಲ್ಲಿ 1930ರ ದಶಕದಲ್ಲಿ ರೋಗ, ಚಂಡಮಾರುತ ಎರಡೂ ಬಡಿದು ಹುಲ್ಲು ನಾಶವಾಗಿತ್ತು. ಇಪ್ಪತ್ತು ವರ್ಷ ಬಿಡದೆ 7 ಕೋಟಿಗೂ ಹೆಚ್ಚು ಬೀಜ ಬಿತ್ತಿ, ಸುಮಾರು 3,600 ಹೆಕ್ಟೇರ್ ಮತ್ತೆ ಹಸಿರಾಗಿದೆ. ಅಲ್ಲಿ ಅದು ಫಲಿಸಿದ್ದು ಹುಲ್ಲು ಕೊಂದ ಕಾರಣ ದೂರವಾಗಿತ್ತು, ನೀರು ತಿಳಿಯಾಗಿತ್ತು ಅಂತ. ಆಮೆ ತುಂಬಿದ ಲಗೂನ್‌ನಲ್ಲಿ ನೆಡುವುದು ಸಸಿ ನೆಟ್ಟು ಮೇಕೆ ಬಿಟ್ಟ ಹಾಗೆ.

ಲಕ್ಷದ್ವೀಪಕ್ಕೆ ನನ್ನ ಮಟ್ಟಿಗೆ ಕಾಣುವ ದಾರಿ ಬೇಲಿ. ಇಡೀ ಲಗೂನ್‌ಗೆ ಅಲ್ಲ, ಇನ್ನೂ ಬೇರು ಜೀವಂತ ಇರುವ ಸಣ್ಣ ತುಂಡುಗಳಿಗೆ. ಆಮೆ ನುಗ್ಗದ, ಮೀನು ಸಲೀಸಾಗಿ ಓಡಾಡುವ ಅಗಲದ ಕಣ್ಣಿನ ಪಂಜರ. ಒಳಗಿನ ಎಲೆ ಉದ್ದವಾಗುತ್ತದೆ, ಹೊರಗಿನದು ಬೋಳು, ನಡುವೆ ಗೆರೆ ಎಳೆದ ಹಾಗೆ. ಸಮಯ ಬಂದಾಗ ಅಲ್ಲಿಂದಲೇ ಹುಲ್ಲು ಹಬ್ಬಬೇಕು, ಬ್ಯಾಂಕಿನಲ್ಲಿ ಇಟ್ಟ ಬಿತ್ತನೆ ಬೀಜದ ಹಾಗೆ. ಇದರ ಜೊತೆ ಉಳಿದ ಪೆಟ್ಟುಗಳನ್ನಾದರೂ ತಪ್ಪಿಸಬೇಕು. ಹೂಳೆತ್ತುವುದು, ಕೊಳಚೆ ಬಿಡುವುದು, ಹುಲ್ಲಿನ ಮೇಲೆ ಲಂಗರು ಎಸೆಯುವುದು, ಇವು ಆಮೆಯ ತಪ್ಪಲ್ಲವಲ್ಲ.

ಬೇಲಿಯ ಕಷ್ಟಗಳೂ ಇವೆ. ಕಂಬಿ ತುಕ್ಕು ಹಿಡಿಯುತ್ತದೆ. ಬಲೆಗೆ ಪಾಚಿ ಕಟ್ಟಿ ಒಳಗೆ ಕತ್ತಲಾಗುತ್ತದೆ, ವಾರ ವಾರ ಉಜ್ಜಬೇಕು. ಒಂದು ವರ್ಷ ಮುಂಗಾರು ಬೇಗ ಬಂದು ನಮ್ಮ ಎರಡು ಪಂಜರ ಕೊಚ್ಚಿಹೋದವು. ನೀರು ತಿಳಿಯಾದ ಮೇಲೆ ಹೋಗಿ ನೋಡಿದರೆ ಪಂಜರ ಇದ್ದ ಜಾಗ ಗುರುತೇ ಸಿಗದಷ್ಟು ಸಪಾಟು, ಪಕ್ಕದಲ್ಲೇ ಆಮೆಯೊಂದು ಹಾಯಾಗಿ ಮಲಗಿತ್ತು. ಈಗ ಮೇ ಮುಗಿಯುವ ಮೊದಲೇ ಕಂಬ ಬಿಗಿ ಮಾಡುತ್ತೇವೆ. ಹಾಳೆಯಲ್ಲಿ ಮೀನಿಗೂ ಕಾಲಮ್ ಇದೆ, ಅದನ್ನು ತುಂಬುವವರು ಆ ಹಿರಿಯರ ಮಗ.